ಪ್ಲೇಟಿನ ಮೇಲಿನ ತೀರ್ಪು



ಕೊಳ್ಳೇಗಾಲದ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇತ್ತು. ಹೋದ ಬೇಸಿಗೆಯಲ್ಲಿ ಹೆಂಚು ಕೈಯಾಡಿಸಲು ಆಳುಗಳು ಬಂದಾಗ ಅದನ್ನು ಕೆಳಗಿಳಿಸಬೇಕಾಯಿತು. ಒಳಗೆ ಅಪ್ಪ ಕೂಡಿಟ್ಟ ಗ್ರಾಮಫೋನ್ ಪ್ಲೇಟುಗಳು. ಒಡೆದವನ್ನು ಬಿಟ್ಟರೆ ಮೂವತ್ತೆಂಟು. ಒಂದೊಂದಕ್ಕೂ ಕಂದು ಕಾಗದದ ಲಕೋಟೆ. ಲಕೋಟೆಯ ಬಲಮೂಲೆಯಲ್ಲಿ ಅಪ್ಪನ ಕೈಬರಹ. ನಾಲಿಗೆಗೆ ತಾಗಿಸಿ ಬರೆದರೆ ನೇರಳೆ ಬಣ್ಣ ಬಿಡುತ್ತಿದ್ದ ಪೆನ್ಸಿಲ್ಲು ಇತ್ತಲ್ಲ, ಅದರಲ್ಲಿ ಬರೆದದ್ದು. ‘ಪರವಾಗಿಲ್ಲ.’ ‘ಕಂಠ ಚೆನ್ನ, ಅವಸರ ಜಾಸ್ತಿ.’ ‘ಎರಡನೇ ಬದಿ ಹಾಕುವ ಅಗತ್ಯವಿಲ್ಲ.’ ಒಂದರ ಮೇಲಂತೂ ಬರೀ ‘ಅಯ್ಯೋ’.

ಅಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಹತ್ತು ಹನ್ನೆರಡು ಲಕೋಟೆಗಳಲ್ಲಿ ಅಪ್ಪನ ತೀರ್ಪಿನ ಕೆಳಗೆ ನೀಲಿ ಶಾಯಿಯಲ್ಲಿ ಇನ್ನೊಂದು ತೀರ್ಪು ಇದೆ. ಅದು ನನ್ನ ಸೋದರಮಾವನದು, ಯಳಂದೂರಿನವರು. ‘ಭಾವನವರ ಕಿವಿಗೆ ಮದರಾಸಿನ ಗಾಳಿ ಬಡಿದಿದೆ’ ಎಂದು ಒಂದು ಕಡೆ. ‘ಮೇಲಿನ ಅಭಿಪ್ರಾಯವನ್ನು ಓದುಗರು ನಂಬತಕ್ಕದ್ದಲ್ಲ’ ಎಂದು ಇನ್ನೊಂದು ಕಡೆ. ಓದುಗರು ಯಾರಿದ್ದರು? ಮನೆಯಲ್ಲಿ ಇದ್ದದ್ದು ಅಮ್ಮ, ಅಜ್ಜಿ, ನಾವು ಮೂರು ಮಕ್ಕಳು.

ಈ ಜಗಳದ ಮೂಲ ನಕಾಶೆಯಲ್ಲಿದೆ. ಕೊಳ್ಳೇಗಾಲದಿಂದ ಯಳಂದೂರಿಗೆ ಎಷ್ಟು ದೂರ? ಸೈಕಲ್ಲಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಹಿಂದಿರುಗಬಹುದು. ಆದರೆ 1956ರ ನವೆಂಬರ್ 1ರವರೆಗೆ ಈ ಎರಡೂ ಊರುಗಳದ್ದು ಎರಡು ಬೇರೆ ಸರ್ಕಾರ. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು, ಮೈಸೂರಿನ ಸೀಮೆ. ಕೊಳ್ಳೇಗಾಲವೋ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಮದರಾಸಿನ ತಾಲ್ಲೂಕು; ಹನೂರು ಆಗ ಇದರದೇ ಹೋಬಳಿ. ಅಪ್ಪ ಕಚೇರಿ ಕಾಗದಕ್ಕಾಗಿ ತಮಿಳು ಕಲಿತವರು, ಕಲಿತ ಮೇಲೆ ‘ಆನಂದ ವಿಕಟನ್’ ಓದತೊಡಗಿದವರು. ಆ ಪತ್ರಿಕೆಯಲ್ಲಿ 1930ರ ದಶಕದಲ್ಲಿ ಕಲ್ಕಿ ಕೃಷ್ಣಮೂರ್ತಿಯವರು ‘ಕರ್ನಾಟಕಂ’ ಎಂಬ ಗುಪ್ತನಾಮದಲ್ಲಿ ಸಂಗೀತ, ನಾಟಕಗಳ ವಿಮರ್ಶೆ ಬರೆಯುತ್ತಿದ್ದರು. ಕಲ್ಕಿಯವರ ಹಾಸ್ಯ, ಚುಚ್ಚು ಎರಡೂ ಅಪ್ಪನ ಪೆನ್ಸಿಲ್ಲಿಗೆ ಇಳಿದಿತ್ತು. ಮಾವನಿಗೆ ಮದರಾಸು ಬೇಡ. ಅವರಿಗೆ ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯರು ಆದಮೇಲೆ ಉಳಿದವರೆಲ್ಲ. ಹೀಗೆ ಎರಡು ಆಸ್ಥಾನಗಳು ನಮ್ಮ ಮನೆಯ ನಡುಮನೆಯಲ್ಲಿ ಒಂದು ಕೀಲಿ ಗ್ರಾಮಫೋನಿನ ಎದುರು ಕೂತು ವಾದ ಮಾಡುತ್ತಿದ್ದವು.

ಹಳೆಯ ಸಂಗೀತ ವಿಮರ್ಶೆಯನ್ನು ಮತ್ತೆ ತೆರೆದು ಓದಿ, ಅದರ ಬಗ್ಗೆ ಹದಿನೈದು ನಿಮಿಷ ಮಾತಾಡಿ ಎಂದು ಮೈಸೂರು ಆಕಾಶವಾಣಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಟ್ರಂಕು. ಯಾಕೆಂದರೆ ಕಛೇರಿಯ ವಿಮರ್ಶೆ ಬೇರೆ, ಪ್ಲೇಟಿನ ವಿಮರ್ಶೆ ಬೇರೆ. ಕಛೇರಿ ಮುಗಿಯಿತು, ಜಮಖಾನ ಸುತ್ತಿದರು, ವಿಮರ್ಶಕ ಮಾರನೆಯ ದಿನ ಏನು ಬರೆದರೂ ಇಲ್ಲವೆನ್ನಲು ಸಾಕ್ಷಿಯಿಲ್ಲ. ಪ್ಲೇಟಿನ ವಿಷಯದಲ್ಲಿ ಸಾಕ್ಷಿ ಮನೆಯಲ್ಲೇ ಕೂತಿರುತ್ತದೆ, ಮಗನೋ ಮೊಮ್ಮಗನೋ ಐವತ್ತು ವರ್ಷ ಕಳೆದು ಮುಳ್ಳು ಇಟ್ಟರೆ ಬಾಯಿ ಬಿಡುತ್ತದೆ.

ಬಾಯಿ ಬಿಡಿಸಿದೆ. ನನ್ನ ಮಗಳು ಮೈಸೂರಿನಲ್ಲಿ ಹಳೆಯ ಯಂತ್ರ ದುರಸ್ತಿ ಮಾಡುವವರೊಬ್ಬರನ್ನು ಹಿಡಿದು ಅಪ್ಪನ ಗ್ರಾಮಫೋನಿಗೆ ಸ್ಪ್ರಿಂಗು ಹಾಕಿಸಿಕೊಟ್ಟಳು. ಬೇಸಿಗೆಯೆಲ್ಲ ಲಕೋಟೆ ಓದುವುದು, ಪ್ಲೇಟು ಹಾಕುವುದು, ಅಪ್ಪ ಸರಿಯೋ ಮಾವ ಸರಿಯೋ ಎಂದು ನೋಡುವುದು, ಇದೇ ನನ್ನ ಕೆಲಸವಾಯಿತು.

ಮೊದಲು ‘ಅವಸರ ಜಾಸ್ತಿ’ ಎಂಬುದನ್ನು ತೆಗೆದುಕೊಳ್ಳಿ. ಅಪ್ಪ ಇದನ್ನು ಒಂಬತ್ತು ಲಕೋಟೆಗಳ ಮೇಲೆ ಬರೆದಿದ್ದಾರೆ. ಒಂಬತ್ತೂ ಕಲಾವಿದರಿಗೆ ಒಟ್ಟಿಗೆ ಅವಸರವಾಗಿತ್ತೇ? ಹತ್ತು ಇಂಚಿನ 78ರ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ಹಾಕುವ ಅರಗಿನ ತಟ್ಟೆ, ಒಂದು ಬದಿಗೆ ಹಿಡಿಯುವುದು ಮೂರು ನಿಮಿಷ, ಹಿಗ್ಗಿಸಿದರೆ ಮೂರೂಕಾಲು. ಅಷ್ಟರಲ್ಲಿ ಪಲ್ಲವಿ, ಅನುಪಲ್ಲವಿ, ಚರಣ, ಸಾಧ್ಯವಾದರೆ ನಾಲ್ಕು ಆವರ್ತ ಸ್ವರ. 1902ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರನ್ನು ಹಾಡಿಸಿದ ದಿನದಿಂದ ಎಲ್.ಪಿ. ಬರುವ ತನಕ ನಮ್ಮ ದೇಶದ ಎಲ್ಲ ಗಾಯಕರೂ ಈ ಗಡಿಯಾರದ ಕೆಳಗೇ ಹಾಡಿದ್ದು. ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಕೂಗಿ ಹೇಳಬೇಕಿತ್ತು. ಜರ್ಮನಿಯಲ್ಲಿ ಪ್ಲೇಟು ಒತ್ತುವವರಿಗೆ ಹಾಡಿದವರಾರೆಂದು ತಿಳಿಯಬೇಕಲ್ಲ. ಆಕೆ ಕಡೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಈ ಮೂರು ನಿಮಿಷದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಯಾವ ಪತ್ರಿಕೆಯಲ್ಲೂ ಅಚ್ಚಾಗಿಲ್ಲ. ನಾನು ಮೇಷ್ಟ್ರಾಗಿ ಹನೂರಿಗೆ ಹೋದ ಹೊಸತು. ಬಾಡಿಗೆ ಮನೆಗೆ ಅಪ್ಪನ ಗ್ರಾಮಫೋನನ್ನೂ ಹೊತ್ತುಕೊಂಡು ಹೋಗಿದ್ದೆ. ಜನವರಿ ತಿಂಗಳು, ಚಿಕ್ಕಲ್ಲೂರು ಜಾತ್ರೆಯ ಸಮಯ. ಜಾತ್ರೆಗೆ ಹೊರಟಿದ್ದ ನೀಲಗಾರರೊಬ್ಬರು ತಂಬೂರಿಯನ್ನು ಗೋಡೆಗೆ ಒರಗಿಸಿ ಜಗಲಿಯಲ್ಲಿ ಕೂತಿದ್ದರು. ಮಂಟೇಸ್ವಾಮಿ ಕಾವ್ಯವನ್ನು ದೀಪ ಹಚ್ಚುವ ಹೊತ್ತಿಗೆ ಹಿಡಿದರೆ ಕೋಳಿ ಕೂಗುವ ತನಕ ಬಿಡದೆ ಹಾಡುವವರು. ಅವರಿಗೆ ದೊಡ್ಡ ವಿದ್ವಾಂಸರೊಬ್ಬರ ತ್ಯಾಗರಾಜರ ಕೀರ್ತನೆಯ ಪ್ಲೇಟು ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಮುಳ್ಳು ಒಳಗಿನ ಗೆರೆ ಮುಟ್ಟಿ ಕರಕರ ಅಂದಾಗ ಕಣ್ಣು ಬಿಟ್ಟು, “ಏನ್ ಮೇಷ್ಟ್ರೆ, ಶುರುವೇ ಆಗ್ನಿಲ್ಲ, ಆಗ್ಲೆ ನಿಲ್ಸ್ಬುಟ್ರಲ್ಲ? ಊಟುಕ್ಕೆದ್ದೋದ್ರಾ?” ಅಂದರು. ನಾನು ವಿಷಯ ವಿವರಿಸಿದೆ. “ಇಷ್ಟೊತ್ನಲ್ಲಿ ನಾವು ಗುರುಗೋಳ್ಗೆ ಕೈ ಮುಗ್ಯದೂ ಆಗಲ್ಲ ಬುಡಿ. ಆದ್ರೂ ಅಷ್ಟ್ರಲ್ಲೇ ಅಷ್ಟು ತುರುಕವ್ರಲ್ಲ, ಗಟ್ಟಿಗ್ರು” ಎಂದು ಸೇರಿಸಿದರು. ಅಪ್ಪ ಒಂಬತ್ತು ಲಕೋಟೆಗಳಲ್ಲಿ ಹೇಳಿದ್ದರ ಅರ್ಧ ಇದರಲ್ಲಿದೆ, ಅವರು ಹೇಳದೆ ಬಿಟ್ಟ ಅರ್ಧವೂ ಇದೆ. ಕಲಾವಿದನ ಅವಸರಕ್ಕೂ ತಟ್ಟೆಯ ಅಗಲಕ್ಕೂ ಇರುವ ವ್ಯತ್ಯಾಸ ಅಪ್ಪನಿಗೆ ಹೊಳೆಯಲಿಲ್ಲ. ರಾತ್ರಿಯಿಡೀ ಹಾಡುವವರಿಗೆ ಥಟ್ಟನೆ ಹೊಳೆಯಿತು.

ಇನ್ನು ಪಿಟೀಲು ಚೌಡಯ್ಯನವರ ಪ್ಲೇಟು. ಇದರ ಲಕೋಟೆಯಲ್ಲಿ ಖಾಲಿ ಜಾಗವೇ ಉಳಿದಿಲ್ಲ. ತಿರುಮಕೂಡಲು ಚೌಡಯ್ಯನವರು ನಮಗೆ ಪಕ್ಕದ ಊರಿನವರು. ಕೊಳ್ಳೇಗಾಲದಿಂದ ಮೈಸೂರು ಬಸ್ಸು ಹತ್ತಿದರೆ ತಿರುಮಕೂಡಲು ನರಸೀಪುರ ದಾರಿಯಲ್ಲೇ ಸಿಗುತ್ತದೆ. ಅಪ್ಪನ ಷರಾ: ‘ವಿದ್ವತ್ತಿಗೆ ಮಾತಿಲ್ಲ. ಏಳು ತಂತಿಯ ಗದ್ದಲ ಯಾಕೆ?’ ಅದರ ಕೆಳಗೆ ಮಾವ: ‘ಹಿಂದಿನ ಸಾಲಿನಲ್ಲಿ ಕೂತವನನ್ನು ಕೇಳಿ ನೋಡಿ.’

ಪಿಟೀಲಿಗೆ ಇರುವುದು ನಾಲ್ಕು ತಂತಿ. ಚೌಡಯ್ಯನವರು ಅದಕ್ಕೆ ಮೂರು ಜೊತೆ ತಂತಿ ಸೇರಿಸಿ ಏಳು ಮಾಡಿಕೊಂಡರು. ಕಾರಣ ಶೋಕಿಯಲ್ಲ. ಧ್ವನಿವರ್ಧಕ ಇಲ್ಲದ ಕಾಲ. ರಾಮನವಮಿಯ ಚಪ್ಪರದಲ್ಲಿ ಸಾವಿರಾರು ಜನ. ಗಾಯಕ ಎದೆಬಿಟ್ಟು ಹಾಡಿದರೆ ಕೊನೆಯ ಕಂಬದವರೆಗೆ ಕೇಳೀತು. ಪಕ್ಕವಾದ್ಯದ ಪಿಟೀಲು ಮೂರನೆಯ ಸಾಲಿಗೇ ಸೋತುಹೋಗುತ್ತಿತ್ತು. ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸಿದರೆ ನಾದ ದಪ್ಪವಾಗಿ ದೂರ ಹೋಗುತ್ತದೆ. ಅದೇ ನಾದವನ್ನು ರೆಕಾರ್ಡಿಂಗ್ ಕೋಣೆಯಲ್ಲಿ ಮೈಕಿನ ಮುಂದೆ ನುಡಿಸಿ, ಅರಗಿನ ತಟ್ಟೆಗೆ ಇಳಿಸಿ, ಉಕ್ಕಿನ ಮುಳ್ಳಿನಿಂದ ಕೆರೆದು, ಎಂಟು ಅಡಿ ಅಗಲದ ನಡುಮನೆಯಲ್ಲಿ ಕೇಳಿದರೆ ದಪ್ಪ ನಾದ ಒರಟಾಗುತ್ತದೆ. ಅಪ್ಪ ಚೌಡಯ್ಯನವರನ್ನು ಕೇಳಿದ್ದು ಪ್ಲೇಟಿನಲ್ಲಿ. ಮಾವ ಕೇಳಿದ್ದು ಮೈಸೂರಿನ ಚಪ್ಪರದಲ್ಲಿ, ನೆಲದ ಮೇಲೆ, ಹಿಂದಿನ ಸಾಲಿನಲ್ಲಿ. ಒಬ್ಬರೇ ಚೌಡಯ್ಯ, ಎರಡು ಬೇರೆ ವಾದ್ಯ.

ಈಗ ಇದೇ ಪ್ಲೇಟು ಕೇಳಿದಾಗ ನನಗೆ ಗದ್ದಲ ಕೇಳಲಿಲ್ಲ. ಬಿಲ್ಲಿನ ಉದ್ದ ಕೇಳಿಸಿತು. ಒಂದೇ ಎಳೆತದಲ್ಲಿ ರಾಗದ ಪೂರ್ತಿ ಒಂದು ಮಾತು ಮುಗಿಸುವ ಆ ಧೈರ್ಯ. ಇಂದಿನ ಪಿಟೀಲು ಎಷ್ಟೋ ನಯ, ಎಷ್ಟೋ ಶುದ್ಧ. ಅಷ್ಟು ಉದ್ದ ಉಸಿರು ಹಿಡಿಯುವವರು ಕಡಿಮೆ. ಮಾವನಿಗೆ ನೂರಕ್ಕೆ ಎಪ್ಪತ್ತು ಅಂಕ ಕೊಡುತ್ತೇನೆ. ಮೂವತ್ತು ಅಪ್ಪನಿಗೂ ಇರಲಿ, ಯಾಕೆಂದರೆ ಮೈಕು ಬಂದ ಮೇಲೆ ಜೊತೆ ತಂತಿಯ ಅಗತ್ಯ ನಿಜವಾಗಿಯೂ ತೀರಿತು. ಏಳು ತಂತಿಯ ದಾರಿ ಹಿಡಿದವರು ಹೆಚ್ಚಿಲ್ಲ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವನ್ನು ಪಿಟೀಲಿನ ಆಕಾರದಲ್ಲಿ ಕಟ್ಟಿ ಅದಕ್ಕೆ ಏಳು ತಂತಿ ಬಿಗಿದಿದ್ದಾರೆ. ಈಗ ಏಳು ತಂತಿಯನ್ನು ಕಣ್ಣಾರೆ ಕಾಣಬೇಕಾದರೆ ಅಲ್ಲಿಗೇ ಹೋಗಬೇಕು.

ಅದೇ ಲಕೋಟೆಯ ಅಡಿಯಲ್ಲಿ ಮಾವನದೇ ಇನ್ನೊಂದು ಸಾಲು, ತಾರೀಖು ಸಮೇತ: ‘1957. ನಿಮ್ಮ ಮದರಾಸೇ ಒಪ್ಪಿತಲ್ಲ ಭಾವ.’ ಆ ವರ್ಷ ಮದರಾಸಿನ ಮ್ಯೂಸಿಕ್ ಅಕಾಡೆಮಿ ಚೌಡಯ್ಯನವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತ್ತು. ಅದರ ಹಿಂದಿನ ವರ್ಷವಷ್ಟೇ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತ್ತು. ಮಾವನಿಗೆ ಎರಡು ವಿಜಯ ಒಟ್ಟಿಗೆ. ಅಪ್ಪ ಉತ್ತರ ಬರೆದಿಲ್ಲ.

ಇಷ್ಟು ಹೊತ್ತು ಹಿರಿಯರ ತಪ್ಪು ಹೇಳಿದೆ. ನನ್ನದನ್ನೂ ಹೇಳಬೇಕು. 1976ರಿಂದ ಸುಮಾರು ಹನ್ನೆರಡು ವರ್ಷ ನಾನೂ ಒಂದು ವಾರಪತ್ರಿಕೆಗೆ ಹೊಸ ಧ್ವನಿಮುದ್ರಿಕೆಗಳ ಬಗ್ಗೆ ಬರೆಯುತ್ತಿದ್ದೆ. ಎಲ್.ಪಿ.ಗೆ ಆಗ ನಲವತ್ತು ರೂಪಾಯಿಯ ಆಸುಪಾಸು. ಮೇಷ್ಟ್ರ ಸಂಬಳದಲ್ಲಿ ತಿಂಗಳಿಗೆ ಒಂದು ಕೊಂಡರೆ ಹೆಚ್ಚು. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಕೊಂಡು, ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಕೂತು, ತೊಡೆಯ ಮೇಲೆ ನೆಟ್ಟಗೆ ಹಿಡಿದು ತರುತ್ತಿದ್ದೆ. ಆ ಪತ್ರಿಕೆಯ ಕತ್ತರಿಕೆಗಳ ಒಂದು ನೋಟ್‌ಬುಕ್ಕು ಅದೇ ಟ್ರಂಕಿನಲ್ಲಿ ಸಿಕ್ಕಿತು. ಓದಿ ಎರಡು ರಾತ್ರಿ ನಿದ್ದೆ ಕೆಟ್ಟಿತು.

ಒಬ್ಬ ಗಾಯಕಿಯ ಬಗ್ಗೆ ನಾನು ಹೀಗೆ ಬರೆದಿದ್ದೇನೆ: ಎರಡನೆಯ ಬದಿಯ ಕೊನೆಯಲ್ಲಿ ಶ್ರುತಿ ಸ್ಪಷ್ಟವಾಗಿ ಇಳಿಯುತ್ತದೆ, ಇಂಥ ಕಲಾವಿದೆಯಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಗಂಭೀರವಾದ ವಾಕ್ಯ, ಬರೆದಾಗ ಹೆಮ್ಮೆಪಟ್ಟಿರಬೇಕು. ಈಗ ಅದೇ ಎಲ್.ಪಿ.ಯನ್ನು ಮಗಳ ರೆಕಾರ್ಡ್ ಪ್ಲೇಯರಿನಲ್ಲಿ ಕೇಳಿದೆ. ಶ್ರುತಿ ಕೂದಲೆಳೆಯಷ್ಟೂ ಅಲುಗಿಲ್ಲ. ಹಾಗಾದರೆ ಇಳಿದದ್ದು ಯಾವುದು? ನನ್ನದು ಸೆಲ್ಲಿನ ಮೇಲೆ ಓಡುವ ಪುಟ್ಟ ರೆಕಾರ್ಡ್ ಪ್ಲೇಯರ್. ಹನೂರಿನಲ್ಲಿ ಸಂಜೆಯಾದರೆ ಕರೆಂಟು ಹೋಗುತ್ತಿತ್ತು, ಸೆಲ್ಲೇ ಗತಿ. ತಿಂಗಳ ಕೊನೆಯಲ್ಲಿ ಹೊಸ ಸೆಲ್ಲು ಕೊಳ್ಳುವುದು ಮುಂದಿನ ಸಂಬಳಕ್ಕೆ. ಸೆಲ್ಲು ಸೊರಗಿದರೆ ತಟ್ಟೆ ನಿಧಾನ. ನೂರಕ್ಕೆ ಆರರಷ್ಟು ವೇಗ ತಗ್ಗಿದರೆ ಸಾಕು, ಶ್ರುತಿ ಪೂರ್ತಿ ಒಂದು ಸ್ವರಸ್ಥಾನ ಕೆಳಗೆ ಬರುತ್ತದೆ. ಸೆಲ್ಲಿನ ದೋಷವನ್ನು ಆ ತಾಯಿಯ ಕಂಠಕ್ಕೆ ಅಂಟಿಸಿ, ಅಚ್ಚು ಹಾಕಿಸಿ, ಸಂಭಾವನೆಯನ್ನೂ ತೆಗೆದುಕೊಂಡೆ. ಎಷ್ಟು ಜನ ಓದಿದರೋ! ತಂಬೂರಿಯೂ ಜೊತೆಯಲ್ಲೇ ಇಳಿದಿರುತ್ತದೆ ಎಂಬಷ್ಟು ಸಾಮಾನ್ಯ ಜ್ಞಾನ ಇದ್ದಿದ್ದರೆ ಸಾಕಿತ್ತು. ಹಾಡುವವರು ಶ್ರುತಿ ಬಿಟ್ಟರೆ ತಂಬೂರಿ ಇದ್ದಲ್ಲೇ ಇರುತ್ತದೆ. ಎರಡೂ ಒಟ್ಟಿಗೆ ಜಾರಿದರೆ ಯಂತ್ರವನ್ನು ನೋಡಬೇಕು. ವಿಮರ್ಶೆ ಬರೆಯುವ ಎಳೆಯರಿಗೆ ನಾನು ಕಲಿಸಬಲ್ಲ ಪಾಠ ಇದೊಂದೇ.

ಇನ್ನೊಂದು ಕತ್ತರಿಕೆ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಧ್ವನಿಮುದ್ರಿಕೆಯೊಂದರ ಬಗ್ಗೆ. ‘ಸ್ವಚ್ಛ, ಆದರೆ ಒಣ’ ಎಂದಿದ್ದೇನೆ. ಆ ದಿನಗಳಲ್ಲಿ ನನ್ನ ತಲೆಯ ತುಂಬ ಮದರಾಸಿನ ಎಸ್. ಬಾಲಚಂದರ್ ಅವರ ವೀಣೆ. ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಎಳೆದೆಳೆದು ಸ್ವರದಿಂದ ಸ್ವರಕ್ಕೆ ಜಾರುವ ವೈಭವ. ಅದನ್ನು ಅಳತೆಗೋಲು ಮಾಡಿಕೊಂಡು ಮೈಸೂರು ಬಾನಿಯನ್ನು ಅಳೆದೆ. ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಬಂದ ದಾರಿಯೇ ಬೇರೆ. ಅಲ್ಲಿ ಮೀಟು ಹೆಚ್ಚು, ಒಂದೊಂದು ಸ್ವರಕ್ಕೂ ತನ್ನದೇ ಬೆರಳು. ಮುತ್ತನ್ನು ದಾರಕ್ಕೆ ಪೋಣಿಸಿದಂತೆ ಎಂದು ಮಾವ ಹೇಳುತ್ತಿದ್ದರು. ಹೋಲಿಕೆ ಹಳೆಯದು, ಆದರೆ ವೀಣೆ ಕೇಳಿದರೆ ಇನ್ನೊಂದು ಹೊಳೆಯುವುದಿಲ್ಲ. ಇಲ್ಲಿ ನಾದ ನಿಲ್ಲುವ ಹೊತ್ತು ಕಡಿಮೆ, ಹಾಗಾಗಿ ಮೌನವೂ ಕೇಳಿಸುತ್ತದೆ. ಅದನ್ನು ನಾನು ಒಣ ಎಂದೆ. ಅಪ್ಪನ ಮಗನೇ ಸರಿ. ಆಕಾಶವಾಣಿಯಲ್ಲಿ ದಶಕಗಳ ಕಾಲ ಕೆಲಸ ಮಾಡಿದವರ ಬಗ್ಗೆ ಅದೇ ಆಕಾಶವಾಣಿಯಿಂದ ಈ ಮಾತನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ.

ಕದ್ರಿ ಗೋಪಾಲನಾಥರ ಮೊದಮೊದಲ ಕ್ಯಾಸೆಟ್ಟಿನ ಬಗ್ಗೆ ಬರೆದದ್ದನ್ನು ಓದಲೂ ನಾಚಿಕೆ. ‘ಬ್ಯಾಂಡಿನವರ ವಾದ್ಯಕ್ಕೆ ಕಚ್ಚೆಪಂಚೆ ಉಡಿಸಿದ ಹಾಗಿದೆ.’ ಸಂಪಾದಕರಿಗೆ ಆ ವಾಕ್ಯ ಬಹಳ ಹಿಡಿಸಿ ಶೀರ್ಷಿಕೆಗೇ ಏರಿಸಿದ್ದರು. ನಾಗಸ್ವರದ ಮನೆತನದ ಆ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದವರು. ಗಮಕ ಬರಲೆಂದು ವಾದ್ಯವನ್ನೇ ತಿದ್ದಿಕೊಂಡವರು. 1994ರಲ್ಲಿ ಲಂಡನ್ನಿನಲ್ಲಿ ಬಿ.ಬಿ.ಸಿ.ಯ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಆ ಕ್ಯಾಸೆಟ್ಟು ಈಗ ನನ್ನಲ್ಲಿಲ್ಲ. ಜಂಭದಲ್ಲಿ ಯಾರಿಗೋ ಕೊಟ್ಟುಬಿಟ್ಟೆ. ಸಾಕ್ಷಿ ಇಲ್ಲದೆಯೂ ತಪ್ಪೊಪ್ಪಿಕೊಳ್ಳಬಹುದಾದ ಮೊಕದ್ದಮೆ ಇದು.

ನಮ್ಮ ಸೀಮೆಗೂ ಪಶ್ಚಿಮದ ಸಂಗೀತಕ್ಕೂ ಏನು ಸಂಬಂಧ ಎನ್ನಬಹುದು. ಮಾವನ ಮಹಾರಾಜರು, ಅಂದರೆ ಜಯಚಾಮರಾಜ ಒಡೆಯರು, ಪ್ಲೇಟು ಸಂಗ್ರಹದಲ್ಲಿ ಅಪ್ಪನನ್ನು ಮೀರಿಸಿದ್ದವರು. ಅರಮನೆಯಲ್ಲಿ ಇಪ್ಪತ್ತು ಸಾವಿರ ಪ್ಲೇಟು ಇದ್ದವೆಂದು ಹೇಳುತ್ತಾರೆ. ಲಂಡನ್ನಿನಲ್ಲಿ ಮುಪ್ಪಿನಲ್ಲಿ ಬಡತನದಲ್ಲಿದ್ದ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಲೆಂದು ಒಡೆಯರು ಹಣ ಕೊಟ್ಟರು. 1947ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಅವರ ಮೂರು ಪಿಯಾನೋ ಕನ್ಸರ್ಟೋಗಳು ಮುದ್ರಣವಾದವು. ಮೂರನೆಯದನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು. ಕಾಲಕ್ಕಿಂತ ಹಿಂದೆ ಬಿದ್ದ ಸಂಗೀತ ಎಂಬ ಹಣೆಪಟ್ಟಿ ಮೆಟ್ನರ್‌ಗೆ ಬಹುಕಾಲ ಅಂಟಿತ್ತು. 1951ರಲ್ಲಿ ಅವರು ತೀರಿಕೊಂಡರು. ಆ ಮುದ್ರಣಗಳು ಆಮೇಲೆ ಸಿ.ಡಿ.ಯಾಗಿ ಬಂದವು, ಇವತ್ತು ಮೆಟ್ನರ್ ನುಡಿಸಹೊರಟ ಪಿಯಾನೋ ವಾದಕರು ಮೊದಲು ಕೇಳುವುದು ಅವನ್ನೇ. ತೀರ್ಪು ಬದಲಾಗಲು ತಟ್ಟೆ ಉಳಿದಿರಬೇಕು, ಅಷ್ಟೆ.

ಎಲ್ಲವನ್ನೂ ಹಿಂತೆಗೆದುಕೊಂಡೆ ಎಂದು ತಿಳಿಯಬೇಡಿ. ಒಂದು ದೂರನ್ನು ನಾನು ಆ ಹನ್ನೆರಡು ವರ್ಷದಲ್ಲಿ ಬಹುಶಃ ಇಪ್ಪತ್ತು ಸಲ ಬರೆದಿದ್ದೇನೆ, ಇಂದೂ ಬರೆಯುತ್ತೇನೆ: ಪ್ಲೇಟಿನ ಮೇಲೆ ಪಕ್ಕವಾದ್ಯದವರ ಹೆಸರು ಇಲ್ಲ. ಅಪ್ಪನ 78ರ ಪ್ಲೇಟುಗಳ ಪೈಕಿ ಬಹುಪಾಲಿನಲ್ಲಿ ಹಾಡಿದವರ ಹೆಸರು, ರಾಗ, ತಾಳ, ಕಂಪನಿಯ ಗುರುತು, ಅಷ್ಟೇ. ಮೂರು ನಿಮಿಷದಲ್ಲಿ ಮೂವತ್ತು ಸೆಕೆಂಡು ಪ್ರಾಣ ಕೊಟ್ಟು ನುಡಿಸಿದ ಮೃದಂಗದವರು ಯಾರು? ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಇದರ ಬಗ್ಗೆ ಮಾತ್ರ ಅಪ್ಪ, ಮಾವ ಇಬ್ಬರದೂ ಒಂದೇ ಷರಾ. ಒಂದು ಲಕೋಟೆಯಲ್ಲಿ ನೇರಳೆ ಪೆನ್ಸಿಲ್ಲಿನಲ್ಲಿ ‘ಮೃದಂಗ ಯಾರದು?’ ಎಂದಿದೆ, ಕೆಳಗೆ ನೀಲಿ ಶಾಯಿಯಲ್ಲಿ ‘ನಾನೂ ವಿಚಾರಿಸಿದೆ ಭಾವ, ತಿಳಿಯಲಿಲ್ಲ.’

ಕೊಳ್ಳೇಗಾಲ, ಹನೂರು, ಯಳಂದೂರಿನ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಇಂಥ ಟ್ರಂಕುಗಳು ಇವೆ, ನನಗೆ ಗೊತ್ತು. ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ತೆಗೆದು ನೋಡಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಿ. ಧೂಳು ಒರೆಸಲು ಮೆತ್ತನೆಯ ಒಣಬಟ್ಟೆ ಸಾಕು. 78ರ ಪ್ಲೇಟಿಗೆ ಸ್ಪಿರಿಟ್ಟು ಮಾತ್ರ ಮುಟ್ಟಿಸಬೇಡಿ, ಅರಗು ಕರಗಿಹೋಗುತ್ತದೆ. ಹರಿದ ಲಕೋಟೆಯನ್ನು ಎಸೆದು ಹೊಸದು ಹಾಕುವ ಮೊದಲು ಮೂಲೆಯಲ್ಲಿ ಪೆನ್ಸಿಲ್ಲಿನ ಅಕ್ಷರ ಏನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಮೃದಂಗದವರ ಹೆಸರು ಸಿಕ್ಕರೆ ಆಕಾಶವಾಣಿಗೆ ಒಂದು ಕಾರ್ಡು ಹಾಕಿ.